ಸಾವಿತ್ರೆವ್ವ ಮತ್ತು ಪರದೇಶದ ದೆವ್ವ

ಉಗರಗೋಳದಿಂದ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಭಂಡಾರವೆನ್ನುವ ಅರಿಶಿನ ಪುಡಿ, ಕುಂಕುಮ, ಕಾಯಿ ಮಾರುವ ಅಂಗಡಿಗಳ ಸಾಲಿದೆ. ಅದರಲ್ಲಿ ಒಂದು ಸಾವಿತ್ರೆವ್ವನದು. ಹತ್ತೊಂಬತ್ತು ವರ್ಷ ಅಲ್ಲೇ ಕೂತು ಕೊಲ್ಲಾಪುರ, ಸೊಲ್ಲಾಪುರದ ಭಕ್ತರ ಜೊತೆ ಚೌಕಾಸಿ ಮಾಡಿ ಮಾಡಿ ಆಕೆಗೆ ಮರಾಠಿ ಪೂರ್ತಿ, ಹಿಂದಿ ಮುಕ್ಕಾಲು ಪಾಲು ಬರುತ್ತದೆ. ಮೈಮೇಲೆ ದೇವಿ ಬಂದವರು ದಿನಕ್ಕೆ ನಾಲ್ಕು ಜನ ಅಂಗಡಿಯ ಮುಂದೆ ಹಾದುಹೋದರೂ ಆಕೆ ತಲೆ ಎತ್ತಿ ನೋಡುವುದಿಲ್ಲ, ತನ್ನ ಪಾಡಿಗೆ ಭಂಡಾರದ ಪೊಟ್ಟಣ ಕಟ್ಟುತ್ತಿರುತ್ತಾಳೆ. ಅಂಥ ಹೆಂಗಸು ಒಂದು ದೆವ್ವದ ಸಿನಿಮಾ ನೋಡಿ ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದರೆ ಯಾರೂ ನಂಬಲಿಕ್ಕಿಲ್ಲ. ಊಟ ಬಿಟ್ಟದ್ದಂತೂ ನಿಜ. ಆದರೆ ಹೆದರಿ ಬಿಟ್ಟದ್ದಲ್ಲ.

ಸಾವಿತ್ರೆವ್ವ ದುಂಡಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ನೇಸರಗಿಯ ಗುರುಬಸವ್ವ, ಎರಡು ವರ್ಷದ ಮಗಳು ರಾಜೇಶ್ವರಿಯನ್ನು ಬಿಟ್ಟು ಕಾಮಾಲೆಯಲ್ಲಿ ತೀರಿಕೊಂಡಳು. ಸಾವಿತ್ರೆವ್ವನ ಮದುವೆಯಲ್ಲಿ, ಆ ಮನೆಯ ಪದ್ಧತಿಯಂತೆ, ಸತ್ತವಳ ಹೆಸರಿನಲ್ಲಿ ಹೆಣ್ಣಿನ ರೂಪ ಕೊರೆದ ಸಣ್ಣ ಬಂಗಾರದ ಬಿಲ್ಲೆಯೊಂದನ್ನು ಮಾಡಿಸಿ ತಾಳಿಯ ಪಕ್ಕದಲ್ಲೇ ಪೋಣಿಸಿದರು. ಅಂದಿನಿಂದ ಸವತಿ ಆಕೆಯ ಕೊರಳಲ್ಲಿದ್ದಾಳೆ. ಹೊಸ ಸೀರೆಯನ್ನು ಮೊದಲು ಆ ಬಿಲ್ಲೆಗೆ ಮುಟ್ಟಿಸಬೇಕು, ಹಬ್ಬದ ಅಡಿಗೆಯನ್ನು ಮೊದಲು ಆಕೆಗೆ ಎಡೆ ಹಿಡಿಯಬೇಕು. ನೇಸರಗಿಯವರೂ ಸಾವಿತ್ರೆವ್ವನನ್ನೇ ಮಗಳೆಂದು ಕರೆದು ವರ್ಷಕ್ಕೊಮ್ಮೆ ಕುಪ್ಪಸದ ಬಟ್ಟೆ ಕೊಟ್ಟು ಕಳಿಸುತ್ತಾರೆ. ಬಂದ ಹೊಸದರಲ್ಲಿ ಆಕೆಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ ರೂಢಿಯಾಯಿತು. ಕೊನೆಕೊನೆಗೆ, ನಗಬೇಡಿ, ಸಾರು ಉಕ್ಕಿದರೂ ಆ ಬಿಲ್ಲೆಗೇ ದೂರು ಹೇಳತೊಡಗಿದಳು.

ಗುರುಬಸವ್ವ ಆಕೆಯ ಮೈಮೇಲೆ ಬಂದದ್ದು ಎರಡೇ ಸಲ. ಎರಡೂ ಸಲ ಮಹಾನವಮಿ ಅಮಾವಾಸ್ಯೆಯಂದು, ಹಿರಿಯರಿಗೆ ಎಡೆ ಹಿಡಿಯುವ ಹೊತ್ತಿಗೆ. ಹಾಲು ಚೆಲ್ಲಿದ್ದಕ್ಕೆ ದುಂಡಪ್ಪ ಆರು ವರ್ಷದ ಹುಡುಗಿಯ ಕೆನ್ನೆ ಊದುವಂತೆ ಹೊಡೆದ ವರ್ಷ ಸಾವಿತ್ರೆವ್ವ ಕೂತಲ್ಲೇ ತೂಗಾಡಿದಳು. ನನ್ನ ಮಗಳ ಮೇಲೆ ಇನ್ನೊಮ್ಮೆ ಕೈ ಮಾಡಿದರೆ ಈ ಮನೆಯ ಎಡೆ ಮುಟ್ಟುವುದಿಲ್ಲ ಎಂದಳಂತೆ. ಎರಡನೆಯ ಸಲ, ಹತ್ತನೆಯದು ಮುಗಿಸಿದ ಹುಡುಗಿಯನ್ನು ಓದು ಸಾಕೆಂದು ಮನೆಯಲ್ಲಿ ಕೂಡಿಸಿದ ವರ್ಷ. ಕಾಲೇಜಿಗೆ ಕಳಿಸಲೇಬೇಕು ಎಂದಳಂತೆ. ಎಚ್ಚರಾದಾಗ ಸಾವಿತ್ರೆವ್ವನಿಗೆ ಏನೂ ನೆನಪಿರಲಿಲ್ಲ. ಬದುಕಿರುವ ಹೆಂಡತಿಯ ಮಾತಿಗೆ ಕುತ್ತಿಗೆ ಕೂಡ ತಿರುಗಿಸದ ದುಂಡಪ್ಪ, ಸತ್ತ ಹೆಂಡತಿಯ ಮಾತಿಗೆ ಕೈಮುಗಿದು ನಿಂತುಬಿಡುತ್ತಿದ್ದ. ಗಂಡಸರ ಈ ಭಕ್ತಿಗೆ ಏನು ಹೇಳಬೇಕೋ ನನಗಂತೂ ತಿಳಿಯದು.

ಈಗ ರಾಜೇಶ್ವರಿ ಬೈಲಹೊಂಗಲದಲ್ಲಿ ನರ್ಸಿಂಗ್ ಓದುತ್ತಾಳೆ. ಮುಗಿಯಲು ಇನ್ನೊಂದು ವರ್ಷ. ಹಾಸ್ಟೆಲಿನ ಗೆಳತಿಯರಿಂದ ದೆವ್ವದ ಸಿನಿಮಾಗಳ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಗಣಪತಿ ಹಬ್ಬಕ್ಕೆ ಊರಿಗೆ ಬಂದವಳು, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೊಬೈಲಿನಲ್ಲಿ ಹಿಂದಿಗೆ ಡಬ್ ಮಾಡಿದ ಒಂದು ಸಿನಿಮಾ ಹಚ್ಚಿದಳು. ಯಹೂದಿ ಜನರ ಕಥೆ. ಸತ್ತವರ ಆತ್ಮ ಬದುಕಿದ್ದವರೊಳಗೆ ಹೊಕ್ಕರೆ ಅವರು ಅದನ್ನು ದಿಬ್ಬುಕ್ ಅನ್ನುತ್ತಾರೆ, ಅಂಟಿಕೊಂಡದ್ದು ಎಂದು ಅದರ ಅರ್ಥ ಎಂದು ಮಗಳು ತಿಳಿಸಿ ಹೇಳಿದಳು. ಸಿನಿಮಾದಲ್ಲಿ, ಕೂಸನ್ನು ಬಿಟ್ಟು ಸತ್ತ ಹೆಂಗಸೊಬ್ಬಳ ಆತ್ಮ ಹೊಲಿಗೆ ಕಲಿಯುವ ಹುಡುಗಿಯೊಳಗೆ ಸೇರಿತ್ತು. ಪಟ್ಟೆಪಟ್ಟೆಯ ಬಿಳಿ ಶಾಲು ಹೊದ್ದ ಮುದುಕರೊಬ್ಬರು, ನಮ್ಮ ಮಠದ ಅಯ್ಯನವರಂತೆಯೇ ಗಡ್ಡದವರು, ಸುತ್ತ ಹತ್ತು ಗಂಡಸರನ್ನು ನಿಲ್ಲಿಸಿಕೊಂಡು, ಟಗರಿನ ಕೊಂಬು ಊದಿಸಿ, ನಿನ್ನ ಹೆಸರು ಹೇಳು, ಹೊರಗೆ ಬಾ ಎಂದು ಗದರಿಸಿದರು. ಆತ್ಮ ಅಳುತ್ತ ಹೆಸರು ಹೇಳಿತು. ಅವರು ಅದನ್ನು ಎಳೆದು ಮರದ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದರು.

ರಾಜೇಶ್ವರಿ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಸಾವಿತ್ರೆವ್ವನ ಕಣ್ಣಲ್ಲಿ ನೀರು.

"ಅಷ್ಟ ಮಂದಿ ಗಂಡಸರು ಕೂಡಿದ್ರು," ಎಂದಳು. "ಅಕಿಗೆ ಏನ ಬೇಕು ಅಂತ ಒಬ್ಬರೂ ಕೇಳಲಿಲ್ಲಲ್ಲ."

ಒಂದು ಸೀರೆ ಉಡಿಸಿ, ಕೂಸನ್ನು ಒಮ್ಮೆ ತೋರಿಸಿದ್ದರೆ ತಾನೇ ಹೋಗುತ್ತಿದ್ದಳು ಎಂಬುದು ಆಕೆಯ ಖಾತ್ರಿ. ಮಗಳು ಮೊದಲು ನಕ್ಕಳು. ಆಮೇಲೆ ಮೊಬೈಲ್ ಕೆಳಗಿಟ್ಟು, ಕಾಲೇಜಿನಲ್ಲಿ ಮನಸ್ಸಿನ ಕಾಯಿಲೆಗಳ ಪಾಠದಲ್ಲಿ ಕೇಳಿದ್ದನ್ನು ಹೇಳಿದಳು: ಬಾಯಿಬಿಟ್ಟು ಆಡಲಾಗದ ಮಾತನ್ನು ಮನಸ್ಸು ಬೇರೆಯವರ ಹೆಸರಿನಲ್ಲಿ ಆಡುವುದುಂಟಂತೆ.

"ಎರಡೂ ಸಲ ಅಕಿ ಹೇಳಿದ್ದು ನಿನ್ನ ಮನಸಿನ್ಯಾಗ ಇದ್ದ ಮಾತೇ ಅಲ್ಲೇನಬೇ?"

ಸಾವಿತ್ರೆವ್ವನ ಊಟ ಬಿಡಿಸಿದ್ದು ಇದು. ಅಂದರೆ ಗುರುಬಸವ್ವ ಬಂದೇ ಇರಲಿಲ್ಲವೇ? ಇಷ್ಟು ವರ್ಷ ತಾನು ಎಡೆ ಹಿಡಿದದ್ದು ಯಾರಿಗೆ, ಜಗಳ ಆಡಿದ್ದು ಯಾರ ಜೊತೆ? ಬಂದಿದ್ದರೆ, ಬಾಯಿ ಮಾತ್ರ ತನ್ನದು, ಮಾತು ಅವಳದು. ಬಂದಿರದಿದ್ದರೆ ತಾನು ಇಡೀ ಮನೆಗೆ ಮೋಸ ಮಾಡಿದಂತಾಯಿತು, ಅದೂ ತನಗೇ ಗೊತ್ತಿಲ್ಲದೆ. ಯಾವುದು ಖರೆ ಆದರೂ ಸಂಕಟವೇ. ಗಿರಾಕಿ ಕುಂಕುಮ ಕೇಳಿದರೆ ಭಂಡಾರ ಕಟ್ಟಿಕೊಟ್ಟಳು.

ಅದೇ ವಾರ ಬಸವಣ್ಣೆಪ್ಪ ನೇಸರಗಿಯಿಂದ ಬಂದ. ಗುರುಬಸವ್ವನ ಅಣ್ಣ, ರಾಜೇಶ್ವರಿಯ ಸೋದರಮಾವ. ತನ್ನ ಮಗನಿಗೆ ಹುಡುಗಿಯನ್ನು ಕೊಡಬೇಕು, ದೀಪಾವಳಿ ದಾಟಿದೊಡನೆ ಮದುವೆ, ಇನ್ನು ಓದೇಕೆ ಎಂದ. ದುಂಡಪ್ಪನಿಗೂ ಒಪ್ಪಿಗೆಯೇ. ಆದರೂ ಹೆತ್ತವಳನ್ನು ಒಂದು ಮಾತು ಕೇಳಿಬಿಡೋಣ, ಅಮಾವಾಸ್ಯೆಗೆ ಬರುತ್ತಾಳೆ ಎಂದು ಇಬ್ಬರೂ ನಿಶ್ಚಯಿಸಿದರು. ತನ್ನ ತವರುಮನೆಯನ್ನು ಆಕೆ ಬೇಡ ಅನ್ನುವುದುಂಟೇ?

ರಾಜೇಶ್ವರಿ ಅಡಿಗೆಮನೆಗೆ ಬಂದು ಅವ್ವನ ಕೈ ಹಿಡಿದು ಅತ್ತಳು. ಅಕಿಯಾಗಿ ನೀನೇ ಬೇಡ ಅಂದುಬಿಡು ಎಂದಳು. ಸಾವಿತ್ರೆವ್ವನಿಗೆ ದಿಕ್ಕು ತೋಚಲಿಲ್ಲ. ಬೇಕೆಂದಾಗ ಬರಿಸುವುದು ಹೇಗೆ? ನಿಜವಾಗಿ ಬಂದರೆ ಅಣ್ಣನ ಪರವಾಗಿ ಮಾತಾಡಿಯಾಳು. ಬರದಿದ್ದರೆ, ಬಂದಂತೆ ಆಡುವುದು ಪಾಪವಲ್ಲವೇ? ತನ್ನ ಬಾಯಿಂದಲೇ ಬೇಡ ಎಂದರೆ, ಮಲತಾಯಿ ಹೊಟ್ಟೆಕಿಚ್ಚಿಗೆ ಅಡ್ಡ ಬಂದಳು ಎಂದು ನೇಸರಗಿಯಿಂದ ಸವದತ್ತಿಯವರೆಗೆ ಟಾಂ ಟಾಂ ಆಗುತ್ತದೆ. ಬಿಲ್ಲೆಯನ್ನು ಹಿಡಿದು, ನೀ ಇದ್ದೀಯೋ ಇಲ್ಲವೋ ಎಂದು ನೂರು ಸಲ ಕೇಳಿದಳು. ಬಿಲ್ಲೆ ಬಿಲ್ಲೆಯಾಗಿಯೇ ಇತ್ತು.

ಅಮಾವಾಸ್ಯೆ ಬಂತು, ಹಾಸ್ಟೆಲಿನಿಂದ ರಾಜೇಶ್ವರಿಯೂ ಬಂದಳು. ನಡುಮನೆಯಲ್ಲಿ ಹೋಳಿಗೆಯ ಎಡೆ, ಪಕ್ಕದಲ್ಲಿ ಗುರುಬಸವ್ವನ ಹೆಸರಿನ ಹಸಿರು ಸೀರೆ. ಬಸವಣ್ಣೆಪ್ಪ ಕೈಮುಗಿದು, ತಂಗೆವ್ವಾ, ಬಂದು ಒಂದು ಮಾತು ಹೇಳು ಎಂದು ಬೇಡಿಕೊಂಡ. ಎಲ್ಲರೂ ಸಾವಿತ್ರೆವ್ವನ ಮುಖ ನೋಡಿದರು. ಏನೂ ಆಗಲಿಲ್ಲ. ಊದಿನಕಡ್ಡಿ ಉರಿದು ಮುಗಿಯಿತು, ಇನ್ನೊಂದು ಹಚ್ಚಿದರು.

ಕೊನೆಗೆ ಸಾವಿತ್ರೆವ್ವ ಧೈರ್ಯ ಮಾಡಿದಳು. ತನ್ನ ದನಿಯಲ್ಲೇ, ಹುಡುಗಿಯದು ಒಂದು ವರ್ಷದ ಓದು ಬಾಕಿ ಇದೆ, ಈ ಮದುವೆ ಈಗ ಬೇಡ ಎಂದಳು.

ಬಸವಣ್ಣೆಪ್ಪ ಸಿಟ್ಟಾಗಲಿಲ್ಲ. "ನೀ ತಡಿ ತಂಗಿ," ಎಂದ. "ನಾವು ನಿನ್ನ ಕೇಳಿಲ್ಲ. ಅಕಿ ಬರಲಿ."

ದುಂಡಪ್ಪ ಹೌದೆಂದು ಗೋಣು ಹಾಕಿದ.

ಸಾವಿತ್ರೆವ್ವನಿಗೆ ಎಲ್ಲಿತ್ತೋ ಸಿಟ್ಟು. ತುರುಬನ್ನು ತಾನೇ ಬಿಚ್ಚಿದಳು, ಬೇಕೆಂದೇ ಬಿಚ್ಚಿದಳು, ಅದು ಆಕೆಗೆ ಚೆನ್ನಾಗಿ ನೆನಪಿದೆ. ತಾನೇ ತೂಗಾಡಿದಳು. ಬೇಡ ಎನ್ನಬೇಕು, ಮಗಳು ಕಲಿಸಿದಂತೆ ಅಷ್ಟೇ ಅಂದು ಮುಗಿಸಬೇಕು ಎಂದು ಬಾಯಿ ತೆರೆದಳು. ಬಂದದ್ದು ಬೇರೆ.

"ನನ್ನ ಯಾಕ ಕೇಳ್ತೀರಿ? ನಾ ಸಾಕಿದ್ದು ಎರಡ ವರ್ಷ. ಹತ್ತೊಂಬತ್ತ ವರ್ಷ ಸಾಕಿದಾಕಿ ನಿಮ್ಮ ಮುಂದ ಕುಂತಾಳ. ಅಕಿನ್ನ ಕೇಳ್ರಿ."

ಈ ಮಾತನ್ನು ಸಾವಿತ್ರೆವ್ವ ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸುವ ಧೈರ್ಯವೂ ಆಕೆಗಿರಲಿಲ್ಲ. ಯಾರು ಆಡಿದರು? ರಾಜೇಶ್ವರಿಯತ್ತ ನೋಡಿದಳು, ಪಾಠ ಓದಿದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಬಸವಣ್ಣೆಪ್ಪ ಹಸಿರು ಸೀರೆಯನ್ನೇ ನೋಡುತ್ತಿದ್ದ.

ದುಂಡಪ್ಪ ಮುಗಿದ ಕೈ ಬಿಡಲಿಲ್ಲ. ಎದುರಿಗಿರುವವಳು ಯಾರೆಂದು ಅವನಿಗೂ ತಿಳಿಯದು. ಆದರೂ ಸಾವಿತ್ರೆವ್ವನ ಕಡೆ ಕುತ್ತಿಗೆ ತಿರುಗಿಸಿದ. "ಸಾವಿತ್ರಿ," ಎಂದ, "ನೀ ಏನಂತಿ?"

ಮದುವೆಯಾಗಿ ಬಂದಾಗಿನಿಂದ ಆಕೆಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಬಿಚ್ಚಿದ ತುರುಬನ್ನು ಕಟ್ಟಿಕೊಂಡು ಹೇಳಿದಳು.

"ಹುಡುಗಿ ಓದು ಮುಗಿಸಲಿ. ಆಮ್ಯಾಲ ಅಕಿನ್ನ ಕೇಳ್ರಿ."