ಮಾವನವರ ಮೂರನೇ ಗೇರು

ನನ್ನ ಮದುವೆಯಾಗಿ ಹತ್ತು ವರ್ಷ ಕಳೆದರೂ ಮಾವನವರು ನನ್ನ ಗ್ಯಾರೇಜಿಗೆ ಕಾಲಿಟ್ಟಿರಲಿಲ್ಲ. ಹರಪನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ನನ್ನ ಗ್ಯಾರೇಜು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮೆಕ್ಕೆಜೋಳದ ಅಂಗಡಿ. ನಾನು ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವನು, ಪುಣೆಯಲ್ಲಿ ಕೆಲಸ ಕಲಿತು ಬಂದವನು. ಅವರು ಹಣೆಗೆ ಮೂರೆಳೆ ವಿಭೂತಿ ಹಚ್ಚಿ, ಬಿಳಿ ಧೋತ್ರ ಉಟ್ಟು, ಹಳೇ ಮೊಪೆಡ್ಡಿನ ಮೇಲೆ ಬೀದಿ ನಾಯಿಗಳೂ ಹಿಂದೆ ಹಾಕುವಷ್ಟು ನಿಧಾನಕ್ಕೆ ಅಂಗಡಿಗೆ ಹೋಗಿ ಬರುವವರು. ಹಬ್ಬಕ್ಕೆ ಹೋದರೆ "ಬರ್ರಿ, ಕುಂದರ್ರಿ" ಎನ್ನುತ್ತಿದ್ದರು. ಹೊರಡುವಾಗ "ಹೋಗಿ ಬರ್ರಿ" ಎನ್ನುತ್ತಿದ್ದರು. ಇವೆರಡರ ನಡುವೆ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಅಂಥವರು ಒಂದು ದಿನ ಬೆಳಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತರು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದೆ.

"ಅಳಿಯಂದ್ರ, ಒಂದು ಗಾಡಿ ತಗಂಡೀನಿ. ಬಂದು ನೋಡ್ರಿ."

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಚೀಲಗಳ ಸಾಲು ದಾಟಿ ಹೋದರೆ ತಾಡಪಾಲಿನ ಕೆಳಗೆ ಅದು ನಿಂತಿತ್ತು. ಹೊರದೇಶದ ಹಳೇ ಪಿಕಪ್ ಟ್ರಕ್ಕು. ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಆಟೋಮ್ಯಾಟಿಕ್ ಗೇರು. ಯಾವುದೋ ಊರಿನ ಶ್ರೀಮಂತರ ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ನಿಂತದ್ದನ್ನು ಇವರು ಕೊಂಡು ತಂದಿದ್ದರು. ಜೋಳ ಸಾಗಿಸಲು ಇರಬಹುದು ಅಂದುಕೊಂಡೆ.

"ಇದಕ್ಕ ಸೂಪರ್‌ಚಾರ್ಜರ್ ಕುಂದ್ರಿಸಬೇಕು," ಎಂದರು ಮಾವ.

ನನಗೆ ತಪ್ಪು ಕೇಳಿಸಿತು ಎಂದುಕೊಂಡೆ. "ಏನು ಕುಂದ್ರಿಸಬೇಕ್ರಿ?"

"ಸೂಪರ್‌ಚಾರ್ಜರ್. ಇಂಜಿನ್ನಿಗೆ ಗಾಳಿ ಒತ್ತಿ ತುಂಬ್ತೈತಲ್ಲ, ಅದು. ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ ಮಾವಾರ. ಆದ್ರ ಯಾಕ್ರಿ?"

"ರೇಸಿಗೆ," ಎಂದರು, ಮಳೆ ಬಂತು ಎನ್ನುವಷ್ಟೇ ಸಹಜವಾಗಿ. "ಎರಡು ಗಾಡಿ ಜೋಡಿ ನಿಲ್ಲಿಸಿ ಕಾಲು ಮೈಲಿ ನೆಟ್ಟಗ ಬಿಡ್ತಾರಲ್ಲ, ಆ ರೇಸು. ಸದ್ಯಕ್ಕ ಮಗಳಿಗೆ ಹೇಳಬ್ಯಾಡ್ರಿ."

ನಾನು ಆ ದಿನವಿಡೀ ಮಾಡಿದ ಕೆಲಸವನ್ನು ಮರುದಿನ ಬಿಚ್ಚಿ ಮತ್ತೆ ಮಾಡಬೇಕಾಯಿತು. ಕೈ ಒಂದು ಕಡೆ, ತಲೆ ಒಂದು ಕಡೆ. ಅರವತ್ತು ದಾಟಿದ, ಊಟಕ್ಕೆ ಮುಂಚೆ ಲಿಂಗಪೂಜೆ ತಪ್ಪಿಸದ ಮನುಷ್ಯನ ಬಾಯಲ್ಲಿ ಬಂದ ಮಾತನ್ನು ನನ್ನಷ್ಟಕ್ಕೆ ನಾನೇ ಹೇಳಿ ಹೇಳಿ ನೋಡಿದೆ. ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ನನ್ನ ಪರಿಚಯದ ಇಂಜಿನ್ ಮಿಸ್ತ್ರಿಯನ್ನು ಕರೆಸಿ ಸೂಪರ್‌ಚಾರ್ಜರ್ ಕೂರಿಸಿದೆವು. ಮೊದಲ ಸಲ ಚಾಲೂ ಮಾಡಿದಾಗ ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಇನ್ನು ಉಳಿದದ್ದು ನನ್ನ ಕೆಲಸ. ಇಂಜಿನ್ ಎಷ್ಟು ಸುತ್ತು ಮುಟ್ಟಿದಾಗ ಗೇರು ಬದಲಾಗಬೇಕು ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಹೊಂದಿಸಬೇಕಿತ್ತು. ಬೇಗ ಬದಲಾದರೆ ಗಾಡಿ ದಮ್ಮು ಕಳೆದುಕೊಳ್ಳುತ್ತದೆ. ತಡವಾದರೆ ಇಂಜಿನ್ ಸುಮ್ಮನೆ ಅರಚುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಇದರಲ್ಲಿ ಇನ್ನೊಂದು ತೊಡಕಿದೆ. ನಾವು ಆಜ್ಞೆ ಕೊಟ್ಟ ತಕ್ಷಣ ಗೇರು ಬೀಳುವುದಿಲ್ಲ, ರೆಪ್ಪೆ ಬಡಿಯುವಷ್ಟು ಹೊತ್ತು ಬೇಕು. ಅಷ್ಟರೊಳಗೆ ಇಂಜಿನ್ ಇನ್ನೂ ಮೇಲಕ್ಕೆ ಏರಿರುತ್ತದೆ. ಮೊದಲ ಗೇರಿನಲ್ಲಿ ಅದು ಏರುವ ವೇಗ ವಿಪರೀತ. ಆದ್ದರಿಂದ ಅಲ್ಲಿ ಆಜ್ಞೆ ತುಸು ಮುಂಚೆಯೇ ಹೋಗಬೇಕು. ಮೇಲಿನ ಗೇರಿಗೆ ಅಷ್ಟು ಅವಸರವಿಲ್ಲ.

ಇದನ್ನು ಮಾವನವರಿಗೆ ಹೇಗೆ ತಿಳಿಸಲಿ ಎಂದು ಒದ್ದಾಡುತ್ತ ಹೇಳಿದೆ. ಅವರು ಕೇಳಿಸಿಕೊಂಡು, "ಹಾಲು ಉಕ್ಕಿ ಬಂದ ಮ್ಯಾಲ ಒಲಿ ಆರಿಸಿದ್ರ ಏನು ಬಂತು? ಒಂಚೂರು ಮೊದಲ ಆರಿಸಬೇಕು, ಹೌದಿಲ್ಲೋ?" ಎಂದರು. ಅಷ್ಟೇ ವಿಷಯ.

ಪರೀಕ್ಷೆಗೆ ಅವರೇ ಜಾಗ ಹುಡುಕಿದರು. ಗುಡೇಕೋಟೆ ಕಡೆಗೆ ಕುರಿ ಸಾಕುವ ಅವರ ಹಳೇ ಗಿರಾಕಿಯೊಬ್ಬರ ಹೊಲದಲ್ಲಿ ಗಾಳಿಯಂತ್ರಗಳನ್ನು ಹೊತ್ತು ತರಲು ಅಗಲವಾದ ಡಾಂಬರು ದಾರಿ ಮಾಡಿದ್ದರು. ಎರಡೂ ತುದಿಗೆ ಗೇಟು. ಬೆಳಗ್ಗೆ ಕುರಿಗಳನ್ನು ಗುಡ್ಡಕ್ಕೆ ಹೊಡೆದ ಮೇಲೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಭಾನುವಾರ ಗ್ಯಾರೇಜಿಗೆ ಬಾಗಿಲು ಹಾಕಿ ನಾವಿಬ್ಬರೂ ಹೋಗುತ್ತಿದ್ದೆವು. ಅವರು ಸ್ಟೇರಿಂಗಿಗೆ, ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪು.

ಮೊದಲ ದಿನ ಅವರು ಆಕ್ಸಲರೇಟರ್ ಒತ್ತಿದ ರೀತಿಗೆ ನಾನು ದಂಗಾದೆ. ಹೆದರಿಕೆಯಿಲ್ಲ, ಅವಸರವೂ ಇಲ್ಲ. ನನ್ನ ಬೆನ್ನು ಸೀಟಿಗೆ ಅಂಟಿತು. ಅವರು ಎದುರಿನ ದಾರಿ ಬಿಟ್ಟು ಬೇರೇನೂ ನೋಡಲಿಲ್ಲ. ಆ ಮೊಪೆಡ್ಡಿನ ಮನುಷ್ಯ ಇವರೇನಾ?

ಕೆಲವು ಭಾನುವಾರ ಕಳೆದವು. ಒಂದರಿಂದ ಎರಡಕ್ಕೆ ಗೇರು ಸರಿಯಾಗಿ ಬೀಳುವ ಹಾಗಾಯಿತು. ಎರಡರಿಂದ ಮೂರಕ್ಕೆ ಮಾತ್ರ ಒಂದು ಸಣ್ಣ ಅನುಮಾನ ಉಳಿದಿತ್ತು. ಬೀಳುವ ಮುಂಚೆ ಏನೋ ಯೋಚನೆ ಮಾಡಿದಂತೆ ತಡೆಯುತ್ತಿತ್ತು. ಆಜ್ಞೆಯನ್ನು ಇನ್ನಷ್ಟು ಮುಂಚೆ ತಂದೆ, ಎಣ್ಣೆಯ ಒತ್ತಡ ಸ್ವಲ್ಪ ಹೆಚ್ಚಿಸಿದೆ.

"ಬಿಡ್ಲೇನ್ರಿ?" ಎಂದರು ಮಾವ.

"ಬಿಡ್ರಿ."

ಒಂದು. ಎರಡು. ಲ್ಯಾಪ್‌ಟಾಪು ತೊಡೆಯಿಂದ ಜಾರಿತೆಂದು ಅದನ್ನು ಹಿಡಿಯಲು ಮುಂದೆ ಚಾಚಿದ್ದ ಬಲಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡೆ.

ಆಮೇಲೆ ಆದದ್ದನ್ನು ಶಬ್ದ ಎನ್ನಲಾರೆ. ಕಲ್ಲು ಗಣಿಯಲ್ಲಿ ಮದ್ದು ಸಿಡಿಯುವುದನ್ನು ದೂರದಿಂದ ಕೇಳಿದ್ದೇನೆ. ಇದು ನಾನೇ ಆ ಬಂಡೆಯ ಒಳಗೆ ಕೂತ ಹಾಗಿತ್ತು. ಕಾಲ ಬುಡದ ತಗಡು ರೊಟ್ಟಿ ಹರಿದಂತೆ ಹರಿಯಿತು. ಏನೋ ಒಂದು ಮೊಣಕಾಲಿನ ಪಕ್ಕದಲ್ಲೇ ಹಾದು ಮೇಲಿನ ಚಾವಣಿಗೆ ಬಡಿದು ನನ್ನ ಮಡಿಲಿಗೇ ಬಿತ್ತು. ಅಂಗೈ ಅಗಲದ ಉಕ್ಕಿನ ಚೂರು, ಕೈಯಿಟ್ಟರೆ ಸುಡುತ್ತಿತ್ತು. ಕಿವಿಯಲ್ಲಿ ಒಂದೇ ಸಮನೆ ಶಿಳ್ಳೆ. ಹೊಗೆ. ಟ್ರಕ್ಕು ಅಡ್ಡಡ್ಡ ಜಾರಿ ಜಾಲಿಕಂಟಿಯೊಳಗೆ ನುಗ್ಗಿ ನಿಂತಿತು.

ಮಾವನವರ ಬಾಯಿ ಆಡುತ್ತಿತ್ತು. ಏನೂ ಕೇಳಲಿಲ್ಲ. ಅವರು ನನ್ನ ಬೆಲ್ಟು ಬಿಚ್ಚಿ ಎರಡೂ ಕಂಕುಳಿಗೆ ಕೈಹಾಕಿ ತಮ್ಮ ಬಾಗಿಲಿನಿಂದಲೇ ನನ್ನನ್ನು ಹೊರಗೆಳೆದರು. ನೆಲದ ಮೇಲೆ ಕೂತ ಮೇಲೆ, ನೀರಿನಡಿಯಿಂದ ಬಂದಂತೆ ದನಿ ಕೇಳತೊಡಗಿತು.

"ಲೇ ತಮ್ಮಾ! ಕಾಲು ನೋಡಿಕ್ಯಳೋ! ಎರಡೂ ಅದಾವೇನೋ? ಬೆರಳು ಅಲ್ಲಾಡ್ಸೋ, ಲೇ!"

ನೋಡಿದೆ. ಎರಡೂ ಇದ್ದವು. ಬಲಗಾಲಿನ ಚಪ್ಪಲಿಯ ತುದಿ ಮಾತ್ರ ಇರಲಿಲ್ಲ, ಕತ್ತರಿ ಹಾಕಿದಂತೆ ಹೋಗಿತ್ತು. ಹೆಬ್ಬೆರಳಿನ ಮೇಲೆ ಗೀರಿದಂಥ ಗಾಯ, ಅಷ್ಟೇ. ಕಾಲನ್ನು ಎಳೆದುಕೊಳ್ಳದೆ ಇದ್ದಿದ್ದರೆ ಎಂಬ ಯೋಚನೆ ಆಗ ಬರಲೇ ಇಲ್ಲ. "ಎಷ್ಟು ಸುತ್ತು ಇತ್ರಿ? ಎಷ್ಟು ಸುತ್ತು ಇತ್ತು?" ಎಂದು ಕೇಳುತ್ತಲೇ ಇದ್ದೆನಂತೆ. ಮಾವನವರು ಉತ್ತರ ಕೊಡದೆ, ಬಿಸಿ ಪೈಪಿನ ಮೇಲೆ ಎಣ್ಣೆ ಬಿದ್ದು ಹೊತ್ತಿಕೊಂಡಿದ್ದ ಬೆಂಕಿಗೆ ಎರಡೂ ಕೈಯಿಂದ ಮಣ್ಣು ಎರಚುತ್ತಿದ್ದರು. ಧೋತ್ರದ ಅಂಚು ಸುಟ್ಟು ಕರಕಲಾಗಿತ್ತು. ಬೆಂಕಿ ಆರಿದ ಮೇಲೆ ಬಂದು ನನ್ನ ಪಕ್ಕ ಕೂತರು. ಮಣ್ಣಾದ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟವರು ತುಂಬ ಹೊತ್ತು ತೆಗೆಯಲಿಲ್ಲ.

ಮರುದಿನದಿಂದ ಮತ್ತೆ "ಅಳಿಯಂದ್ರ", ಮತ್ತೆ "ಬರ್ರಿ". ಆದರೆ ನಾನು ಆ "ಲೇ ತಮ್ಮಾ" ಕೇಳಿಬಿಟ್ಟಿದ್ದೆ.

ಗೇರ್‌ಬಾಕ್ಸ್ ಬಿಚ್ಚಿದಾಗ ಒಳಗೆ ರಭಸದಿಂದ ತಿರುಗುತ್ತ ಮೂರನೇ ಗೇರನ್ನು ಹಿಡಿಯುವ ಉಕ್ಕಿನ ಡ್ರಮ್ಮು ಒಡೆದು ಹೋಳಾಗಿತ್ತು. ಒಡೆದ ಅಂಚು ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಾಗಿತ್ತು. ಕಪ್ಪು ಭಾಗ ಹಳೇ ಬಿರುಕು. ನಮ್ಮ ಕೈಗೆ ಬರುವ ಎಷ್ಟೋ ಮೊದಲೇ ಅದು ಅಲ್ಲಿತ್ತು, ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಆ ಚೂರನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ನಿಜವಾದ ಹೆದರಿಕೆ ಬಂತು. ಎರಡು ವಾರ ಕಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಗೇರು ಬದಲಾದರೆ ಸಾಕು, ಪಾದ ತಾನಾಗಿ ನೆಲ ಬಿಟ್ಟು ಮೇಲೇಳುತ್ತಿತ್ತು.

ಹೆಂಡತಿಯ ಕಣ್ಣು ತಪ್ಪಿಸಲು ಮಾತ್ರ ಆ ಭಾನುವಾರವೇ ಆಗಿರಲಿಲ್ಲ. ತುದಿ ಹೋದ ಚಪ್ಪಲಿಯನ್ನು ಹೊಲದಲ್ಲೇ ಬಿಟ್ಟು ಬಂದಿದ್ದೆ. "ಇನ್ನೊಂದು ಚಪ್ಪಲಿ ಎಲ್ರಿ?" ಎಂದು ಶುರುವಾದ ಪ್ರಶ್ನೆ ಅದೇ ಸಂಜೆ ಅವಳ ತವರಿನ ಪಡಸಾಲೆಗೆ ಹೋಗಿ ಮುಟ್ಟಿತು. ನಾನು ಬಾಗಿಲಲ್ಲೇ ನಿಂತೆ. ಅತ್ತೆಯವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮಜ್ಜಿಗೆ ತಂದಿಟ್ಟು, ಗೋಡೆಗೆ ಒರಗಿ ನಿಂತರು.

"ಅಪ್ಪಾ, ಗಾಡಿ ಓಡಿಸಿದ್ದು ನೀನಾ?"

"ಹೂಂ."

"ನನ್ನ ಗಂಡನ ಕಾಲು ಹೋಗ್ತಿತ್ತು."

"ಹೌದವ."

ಇನ್ನು ಬಿರುಗಾಳಿಯೇ ಎದ್ದೀತು ಎಂದು ನಾನು ಕಾದೆ. ಅವಳು ಅಪ್ಪನ ಧೋತ್ರದ ಸುಟ್ಟ ಅಂಚನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆ ಗೇರಿನ ಡಬ್ಬಿ ಒಡೆದ್ರೂ ಒಳಗ ಬರದಂಗ ಏನಾರ ಹಾಕಾಕ ಬರ್ತೈತೇನು?"

"ಬರ್ತೈತಿ. ಉಕ್ಕಿನ ಕವಚ ಐತಿ."

"ಮತ್ತ ಮೊದಲ ಯಾಕ ಹಾಕಲಿಲ್ಲ?"

ನಾನು ಬಲಗಾಲನ್ನು ಹೊಸ್ತಿಲ ಹಿಂದಕ್ಕೆ ಸರಿಸಿದೆ. "ಅದನ್ನ ಹಾಕಸ್ರಿ," ಎಂದಳು. "ಹಾಕಸದಂಗ ಗಾಡಿ ಗೋದಾಮು ಬಿಟ್ಟು ಹೊರಗ ಬರಂಗಿಲ್ಲ. ರೇಸಿಗೆ ನಾನೂ ಬರ್ತೀನಿ." ನಿಲ್ಲಿಸಿಬಿಡಿ ಎನ್ನುತ್ತಾಳೆಂದು ಎಣಿಸಿದ್ದ ನಾನೂ ಮಾವನವರೂ ಮುಖ ಮುಖ ನೋಡಿಕೊಂಡೆವು.

ಹೊಸ ಡ್ರಮ್ಮು ತರಿಸಿದೆ. ಗೇರ್‌ಬಾಕ್ಸಿನ ಸುತ್ತ ದಪ್ಪ ಉಕ್ಕಿನ ಕವಚ ಕಟ್ಟಿದೆ. ಗುಡೇಕೋಟೆಯ ದಾರಿಯಲ್ಲಿ ಮತ್ತೆ ಮೊದಲಿನಿಂದ ಎಲ್ಲ ಹೊಂದಿಸಿದೆವು. ಎರಡರಿಂದ ಮೂರಕ್ಕೆ ಹೋಗುವಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಈಗ ಆ ತಡೆ ಇರಲಿಲ್ಲ. ಹಿಂದೆ ತಡೆಯುತ್ತಿದ್ದದ್ದು ನನ್ನ ಲೆಕ್ಕದಿಂದಲ್ಲ, ಬಿರುಕು ಬಿಟ್ಟ ಆ ಡ್ರಮ್ಮಿನಿಂದ ಎಂದು ಆಗ ಖಾತ್ರಿಯಾಯಿತು.

ರೇಸು ನಡೆದದ್ದು ಹೊಸಪೇಟೆ ಆಚೆ, ಬಳಕೆಯಲ್ಲಿಲ್ಲದ ಒಂದು ರನ್‌ವೇಯಲ್ಲಿ. ಟ್ರಕ್ಕನ್ನು ಲಾರಿಯ ಮೇಲೆ ಹೇರಿ ಕಳಿಸಿ ನಾವು ಮೂವರೂ ಕಾರಿನಲ್ಲಿ ಹೋದೆವು. ಧೋತ್ರ ನಡೆಯುವುದಿಲ್ಲ ಎಂದು ಅಲ್ಲಿನವರು ಮೊದಲೇ ಹೇಳಿದ್ದರಿಂದ ಹೆಂಡತಿ ಅಪ್ಪನಿಗೆ ಪ್ಯಾಂಟು ಹೊಲಿಸಿದ್ದಳು. ಪ್ಯಾಂಟಿನಲ್ಲಿ ಅವರನ್ನು ಕಂಡು ನಾನು ಒಂದು ಕ್ಷಣ ಬೇರೆ ಯಾರನ್ನೋ ನೋಡಿದಂತೆ ನಿಂತೆ. ಹೆಲ್ಮೆಟ್ ಹಾಕಿದ ಮೇಲೂ ಗಾಜಿನ ಹಿಂದೆ ವಿಭೂತಿಯ ಕೆಳಗಿನ ಎಳೆ ಕಾಣುತ್ತಿತ್ತು.

ಪಕ್ಕದ ಗಾಡಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ. ಹಳದಿ ದೀಪಗಳು ಒಂದೊಂದಾಗಿ ಇಳಿದು ಹಸಿರು ಬಂತು. ಅವನು ಹೊರಟುಹೋದ. ಮಾವನವರು ಒಂದು ಉಸಿರಿನಷ್ಟು ತಡಮಾಡಿದರು, ದೀಪವನ್ನು ನೋಡುತ್ತಲೇ ಇದ್ದರಂತೆ. ಆಮೇಲೆ ಹೊರಟರು. ನಾನು ಕಿವಿಯೊಂದನ್ನೇ ನೆಚ್ಚಿಕೊಂಡು ನಿಂತೆ. ಎರಡು ಬಿತ್ತು. ಹೆಂಡತಿ ನನ್ನ ತೋಳು ಹಿಡಿದಿದ್ದಳು, ಉಗುರು ನೆಟ್ಟಿದ್ದವು. ಮೂರೂ ಬಿತ್ತು, ಬಾಗಿಲಿನ ಚಿಲಕ ಕೂತಷ್ಟು ಸ್ವಚ್ಛವಾಗಿ. ಎರಡು ಗಾಡಿಗಳ ನಡುವಿನ ಅಂತರ ಕರಗುತ್ತ ಬಂತು, ಬಂತು, ಅರ್ಧ ಗಾಡಿಯಷ್ಟು ಉಳಿದಿತ್ತು. ಅಷ್ಟರಲ್ಲಿ ದಾರಿ ಮುಗಿಯಿತು. ಸೋತರು.

ಸಮಾಧಾನಕ್ಕೆ ಏನು ಹೇಳಲಿ ಎಂದು ಯೋಚಿಸುತ್ತ ಹತ್ತಿರ ಹೋದೆ. ಅವರು ಹೆಲ್ಮೆಟ್ ತೆಗೆದು, "ಮೂರನೇದು ಚಲೋ ಬಿತ್ತಲ್ರಿ!" ಎಂದು ನಕ್ಕರು. ಅವರ ಹಲ್ಲುಗಳನ್ನು ಅಷ್ಟು ಪೂರ್ತಿಯಾಗಿ ನಾನು ನೋಡಿದ್ದು ಆಗಲೇ.

ವಾಪಸು ಬರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನಲು ಇಳಿದೆವು. ಹೆಂಡತಿ ದಾರಿಯುದ್ದಕ್ಕೂ ತಡೆದುಕೊಂಡಿದ್ದ ಮಾತು ಕೇಳಿಯೇಬಿಟ್ಟಳು.

"ಅಪ್ಪಾ, ಹಿಂಗ ಓಡಸಾಕ ನೀ ಎಲ್ಲಿ ಕಲ್ತಿ?"

ಮಾವನವರು ಮಿರ್ಚಿ ಮುರಿದು ಬಿಸಿ ಆರಲು ಬಿಟ್ಟರು. "ಮದುವಿ ಆದ ಹೊಸದರಾಗ ಲಾರಿ ಓಡಸ್ತಿದ್ದೆ. ಶೇಂಗಾ ತುಂಬಿಕ್ಯಂಡು ಮುಂಬಯಿಗೆ ಹೋಗ್ತಿದ್ದೆ. ನಿಮ್ಮಜ್ಜ ತೀರಿಹೋದ ಮ್ಯಾಲ ಅಂಗಡಿ ನನಗ ಬಂತು. ಲಾರಿ ಬಿಟ್ಟೆ."

ಅವಳು ಕೈಯಲ್ಲಿದ್ದ ಮಂಡಕ್ಕಿಯನ್ನು ಹಾಗೇ ತಟ್ಟೆಗೆ ಬಿಟ್ಟಳು. "ನನಗ ಒಂದಿನಾನೂ ಹೇಳಲಿಲ್ಲಲ್ಲಪ್ಪಾ."

"ನೀ ಕೇಳಲಿಲ್ಲವ."

"ಅವ್ವಗ ಗೊತ್ತೈತೇನು?"

"ನಿಮ್ಮವ್ವನೂ ಓಡಸ್ತಿದ್ಲು, ಅಷ್ಟಿಷ್ಟು," ಎಂದು ಮಾವನವರು ಮಿರ್ಚಿ ಬಾಯಿಗಿಟ್ಟರು.

ಹರಪನಹಳ್ಳಿಯ ತವರುಮನೆ ಮುಟ್ಟಿದ ಕೂಡಲೇ ಹೆಂಡತಿ ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು.

"ಅವ್ವಾ, ನೀ ಲಾರಿ ಓಡಸ್ತಿದ್ದಿ ಅಂತಲ್ಲ?"

ಅತ್ತೆಯವರು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು.

"ಹೂಂ," ಎಂದರು. "ಕ್ಲಚ್ಚು ಭಾಳ ಬಿರುಸಿತ್ತು. ಕೈ ಕಾಲು ತೊಳಕಂಡು ಬರ್ರಿ, ಉಣ್ಣಾಕ ಕೊಡ್ತೀನಿ."