ಶನಿವಾರ ಹಟ ಹಿಡಿಯುತ್ತಿದ್ದ ಕಾರು

ಮಗಳ ಮದುವೆಗೆ ಎರಡೇ ದಿನ ಉಳಿದಿತ್ತು. ತಾತನ ಹಳೇ ಕಾರಿನಲ್ಲೇ ಛತ್ರಕ್ಕೆ ಹೋಗಬೇಕೆಂದು ಅವಳ ಆಸೆ. ಆ ಶನಿವಾರ ಬೆಳಗ್ಗೆ ನೋಡಿದರೆ ಕಾರು ಸ್ಟಾರ್ಟೇ ಆಗಲಿಲ್ಲ.

ಚಂದ್ರಾ ಲೇಔಟಿನಿಂದ ಬಂದ ವಯಸ್ಸಾದ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದರು. ಒಳಗೆಲ್ಲ ಹಸಿರು ಕಿಲುಬು.

"ಮಳೇಲಿ ನಿಲ್ಲಿಸ್ತೀರಾ ಸಾರ್?"

"ಇಲ್ಲ ಯಜಮಾನ್ರೇ, ಶೆಡ್ಡಲ್ಲೇ ಇರುತ್ತೆ. ಆದರೆ ಪ್ರತಿ ಶನಿವಾರ ಇದೇ ತಕರಾರು. ಶನಿಕಾಟ ಅಂತ ಎಳ್ಳೆಣ್ಣೆ ದೀಪಾನೂ ಹಚ್ಚಿದೀನಿ."

"ಶುಕ್ರವಾರ ಏನ್ ಮಾಡ್ತೀರಾ?"

"ಪೂಜೆ. ಮದುವೇಲಿ ಕಾರು ಕೈಕೊಡದಿರಲಿ ಅಂತ, ನಿಶ್ಚಿತಾರ್ಥ ಆದಾಗಿಂದ ಕಾಯಿ ಒಡೆದು ಆ ನೀರಲ್ಲಿ ಎಂಜಿನ್ನಿಗೆ ಅಭಿಷೇಕ."

ಅವರು ಮುಚ್ಚಳವನ್ನು ಮೂಸಿ ನೋಡಿದರು. ಬಟ್ಟೆಗೆ ಕೈ ಒರೆಸಿಕೊಂಡರು.

"ಬೇಜಾರ್ ಮಾಡ್ಕೋಬೇಡಿ ಸಾರ್. ಶನಿ ಪಾಪ ಏನೂ ಮಾಡಿಲ್ಲ. ಕಾಯಿನೀರಲ್ಲಿ ಉಪ್ಪಿನಂಶ ಇರುತ್ತೆ. ಒಳಗಿಳಿದು ಕಿಲುಬು ಹಿಡಿಸಿದೆ, ಶುಕ್ರವಾರ ಸುರಿದಿದ್ದು ಒಣಗೋವರೆಗೂ ಕರೆಂಟು ಸರಿಯಾಗಿ ಹೋಗಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಅವರು ಉಪ್ಪುಕಾಗದದಿಂದ ಕಿಲುಬು ಉಜ್ಜಿ, ತೇವ ಒರೆಸಿ, ವೈರುಗಳ ತುದಿಗೆ ಹೊಸ ರಬ್ಬರ್ ಟೋಪಿ ತೊಡಿಸಿದರು. ಕೀ ತಿರುಗಿಸಿದ ಕೂಡಲೇ ಎಂಜಿನ್ನು ಗುಡುಗುಟ್ಟಿತು.

"ಇನ್ಮೇಲೆ ಬಾನೆಟ್ ಮುಚ್ಚೇ ಪೂಜೆ ಮಾಡಿ ಸಾರ್. ದೇವರಿಗೆ ಕಾಣುತ್ತೆ."

ಮಗಳು ಅದರಲ್ಲೇ ಛತ್ರಕ್ಕೆ ಹೋದಳು. ಶುಕ್ರವಾರದ ಪೂಜೆ ಇವತ್ತಿಗೂ ನಿಂತಿಲ್ಲ. ಕಾಯಿನೀರನ್ನು ಮಾತ್ರ ಲೋಟಕ್ಕೆ ಹಿಡಿದು ಹೆಂಡತಿಗೆ ಕೊಡುತ್ತೇನೆ. "ಅಂತೂ ಕಾರಿನ ಪಾಲು ನನಗೆ ಬಂತು," ಎನ್ನುತ್ತಾ ಕುಡಿಯುತ್ತಾಳೆ.