ಗಜೇಂದ್ರಗಡದ ಸ್ಯಾಕ್ಸೋಫೋನ್ ಕಾಕಾ

ಮೊನ್ನೆ ಸ್ಟಾಫ್ ರೂಮಿನಲ್ಲಿ ಯಾರೋ ಲವಂಗ ಜಗಿಯುತ್ತಿದ್ದರು. ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಊದುವ ಮುಂಚೆ ಕಾಕಾ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದರು. ಕೆಮ್ಮು ತಡೆಯುತ್ತದೆಂದು ಅವರ ನಂಬಿಕೆ. ಅವರ ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದರೂ ಅದೇ ವಾಸನೆ...

ಅವರು ನನ್ನ ಸಂಬಂಧಿಕರೇನಲ್ಲ. ನಾನು ಗಜೇಂದ್ರಗಡದ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಬಂದಾಗ ಎದುರು ಮನೆಯಲ್ಲಿದ್ದವರು. ಹರೆಯದಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಪುಣೆಯ ಹೋಟೆಲೊಂದರ ಬ್ಯಾಂಡಿನಲ್ಲಿ ಜಾಝ್ ಊದಿ, ತಾಯಿ ಹಾಸಿಗೆ ಹಿಡಿದಾಗ ಊರಿಗೆ ಮರಳಿದ್ದರು. ಇಲ್ಲಿ ಮದುವೆ ಮೆರವಣಿಗೆಗಳಲ್ಲಿ ಸಿನಿಮಾ ಹಾಡು ಊದುತ್ತಿದ್ದರು. ಒಂದು ಸಂಜೆ ನನ್ನ ಕೀಬೋರ್ಡಿನ ಸದ್ದು ಕೇಳಿ ಬಾಗಿಲಿಗೆ ಬಂದರು.

"ಅಕ್ಕೋರ, ಒಬ್ರ ಬಾರಿಸಿದ್ರ ಬ್ಯಾಸರ ಬರ್ತದ್ರಿ. ನಮ್ಮ ಮನಿಗೆ ಬರ್ರಿ. ಮಗಳು ಡ್ರಮ್ ಬಾರಸ್ತಾಳ."

ಹಾಗೆ ನಾವು ಮೂವರಾದೆವು. ಪುಣೆಯಿಂದ ತಂದ ಅವರ ಕ್ಯಾಸೆಟ್ಟುಗಳಲ್ಲಿ ಹಳೆಯ ಪ್ರೋಗ್ರೆಸಿವ್ ರಾಕ್ ಇತ್ತು. ಒಂದು ಬದಿ ಪೂರ್ತಿ ಒಂದೇ ಹಾಡು, ನಡುನಡುವೆ ತಾಳವೂ ವೇಗವೂ ಬದಲಾಗುವಂಥದ್ದು. ಗಿಟಾರುಗಳ ಅಬ್ಬರ ಕಳಚಿ, ಪದ ಬಿಟ್ಟು, ಧಾಟಿಯನ್ನಷ್ಟೇ ಉಳಿಸಿಕೊಂಡು ಅದನ್ನು ಜಾಝ್ ಮಾಡುವುದು ಕಾಕಾನ ಹುಚ್ಚು. "ಅವರು ಕಟ್ಟಿದ ದೊಡ್ಡ ವಾಡೇದಾಗ ನಾವು ನಮ್ಮ ಚಾಪಿ ಹಾಸ್ಕೊಂಡು ಕುಂದ್ರೂಣು" ಎನ್ನುತ್ತಿದ್ದರು. ಏಳು ಮಾತ್ರೆಯ ಒಂದು ಭಾಗಕ್ಕೆ ಮಗಳು ತಿಂಗಳುಗಟ್ಟಲೆ ಹೆಣಗಿದಳು. ತಬಲಾದ ರೂಪಕ ತಾಳ ಬಲ್ಲವಳು, ಅದಕ್ಕೂ ಏಳೇ ಮಾತ್ರೆ, ಆದರೆ ಇಲ್ಲಿ ಒತ್ತು ಬೇರೆ ಕಡೆ ಬೀಳುತ್ತಿತ್ತು. ಅದು ಕೈಗೆ ಹತ್ತಿದ ದಿನ ಕಾಕಾ ಅವಳ ತಲೆ ನೇವರಿಸಿ, ಅಂಗಳಕ್ಕೆ ಹೋಗಿ ನಿಂತರು.

ನರಗುಂದದ ಕಾಲೇಜೊಂದರ ಸಭಾಂಗಣದಲ್ಲಿ ನುಡಿಸಲು ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಕೆಮ್ಮು ಜೋರಾಯಿತು. ಹುಬ್ಬಳ್ಳಿಯ ಡಾಕ್ಟರು, ಶ್ವಾಸಕೋಶ ಹಾಳಾಗಿದೆ, ಹಳೆಯ ಹತ್ತಿ ಧೂಳಿನಿಂದಲೂ ಇರಬಹುದು, ಇನ್ನು ಊದಲೇಬಾರದು ಎಂದರು.

"ಆ ಪೀಪಿ ತಗೊಂಡು ಬಾಂವ್ಯಾಗ ಒಗದ ಬರ್ತೀನಿ" ಎಂದು ಅವರ ಹೆಂಡತಿ, ನಮ್ಮ ಕಾಕು, ಅತ್ತರು. ಮಗಳೂ ಬೇಡವೆಂದಳು. ಕಾಕಾ ಅವಳನ್ನು ಎದುರಿಗೆ ಕೂಡಿಸಿಕೊಂಡರು.

"ಮಂದಿ ಮದುವ್ಯಾಗ ಊದಿ ಊದಿ ಜೀವ ಸವಸೀನಿ. ನನ್ನದಂತ ಒಂದ ಸಲ ಊದತೀನವಾ. ನೀ ಹೂಂ ಅಂದ್ರ ಹೋಗೂಣು, ಇಲ್ಲಂದ್ರ ಇಲ್ಲೇ ಬಿಟ್ಟಬಿಡತೀನಿ."

ಅವಳು ಹೂಂ ಎಂದಳು.

ಉದ್ದ ಸ್ವರ ಹಿಡಿಯಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಇಡೀ ಹಾಡನ್ನು ಕತ್ತರಿಸಿ ಮತ್ತೆ ಹೊಲಿದರು. ಅವರು ಒಂದು ತುಣುಕು ಊದಿ ಬಿಡುವುದು, ನಾನು ಅದನ್ನು ಎತ್ತಿಕೊಂಡು ಮುಂದೆ ಒಯ್ಯುವುದು. ಅವರು ಉಸಿರು ತಿರುಗಿಸಿಕೊಳ್ಳುವಷ್ಟು ಹೊತ್ತು ಮಗಳು ತಾಳ ಕಾಯುವುದು.

ಅವತ್ತು ಸಭಾಂಗಣ ಅರ್ಧ ಖಾಲಿ. ಹುಡುಗರು ಮೊಬೈಲ್ ನೋಡುತ್ತಿದ್ದರು. ಏಳು ಮಾತ್ರೆಯ ಭಾಗ ಬಂದಾಗ ಒಬ್ಬೊಬ್ಬರಾಗಿ ತಲೆ ಎತ್ತಿದರು. ಅದನ್ನು ಕಂಡೋ ಏನೋ, ಕಾಕಾ ತುಣುಕಿನಲ್ಲಿ ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ. ಸ್ವರ ಹಿಡಿದರು. ಹಿಡಿದೇ ಇದ್ದರು... ಅಂಥ ನಾದ ಅವರಿಂದ ನಾನು ಹಿಂದೆಂದೂ ಕೇಳಿರಲಿಲ್ಲ. ಆಮೇಲೆ ಬಾಗಿ ಕೆಮ್ಮಿದರು. ಕರವಸ್ತ್ರ ಕೆಂಪಾಯಿತು.

ಮಗಳ ಕೈ ಗಾಳಿಯಲ್ಲೇ ನಿಂತಿತು. ಕಾಕಾ ಕುರ್ಚಿಯಲ್ಲಿ ಕುಸಿದು, ಅವಳತ್ತ ಬೆರಳಾಡಿಸಿದರು: ಬಾರಿಸು. ಅವಳು ಬಾರಿಸಿದಳು. ಕೊನೆಯವರೆಗೂ. ಚಪ್ಪಾಳೆ ಬಿದ್ದಾಗ ಅವರು ಏಳಲಿಲ್ಲ.

ಕಾಲೇಜಿನವರ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಮಗಳ ತೊಡೆಯ ಮೇಲೆ ಅವರ ತಲೆ. "ಅಪ್ಪಾ, ಚಲೋ ಆತಿಲ್ಲೋ?" ಎಂದು ಅವಳು ಕೇಳುತ್ತಲೇ ಇದ್ದಳು. ನವಲಗುಂದ ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

ಮನೆಯ ಮುಂದೆ ಹೆಣ ಇಳಿಸಿದಾಗ ಕಾಕು ಎಲ್ಲರೆದುರು ಮಗಳಿಗೆ ಅಂದರು: "ನೀ ಹೂಂ ಅಂದಿ. ನಿಮ್ಮಪ್ಪ ಹ್ವಾದ." ಮತ್ತೆಂದೂ ಅವಳು ಡ್ರಮ್ಮಿನ ಮುಂದೆ ಕೂರಲಿಲ್ಲ. ಅಬ್ಬಿಗೇರಿಗೆ ಮದುವೆಯಾಗಿ ಹೋದಳು. ನನಗೂ ರೋಣಕ್ಕೆ ವರ್ಗವಾಯಿತು.

ಹೋದ ವಾರ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಿರಾಣಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರು, ಮನೆ, ಕಾಕುವಿನ ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿದ ಮೇಲೆ ಕೇಳಿದಳು:

"ನಾ ಅವತ್ತ ಕೈ ನಿಲ್ಲಿಸಿಬಿಟ್ಟಿದ್ರ ಅಪ್ಪ ಉಳೀತಿದ್ದನೇನ್ರೀ ಅಕ್ಕೋರ?"

"ಇಲ್ಲವಾ. ಆ ರೋಗ ಮೊದಲ ಅವರನ್ನ ತಿಂದಿತ್ತು" ಎಂದೆ. ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ಅಬ್ಬಿಗೇರಿ ಬಸ್ಸು ಬಂದಾಗ ಚೀಲ ಎತ್ತಿಕೊಂಡು ಎದ್ದಳು.

"ಆದ್ರ ಅಕ್ಕೋರ, ಅವತ್ತ ನಾ ಭಾಳ ಚಲೋ ಬಾರಿಸಿದ್ದೆರಿ..."

ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಡಬಾರದ್ದನ್ನು ಆಡಿದವಳ ಹಾಗೆ. ತಿರುಗಿ ನೋಡದೆ ಬಸ್ಸು ಹತ್ತಿದಳು.